ಹೊಲಕ್ಕೆ ಬಂದದ್ದು ಯಾರು? ಕ್ಯಾಮೆರಾ ಕೊಳ್ಳುವ ಮುನ್ನ

ಗೋವಿನಜೋಳ ತೆನೆಗಟ್ಟುವ ಹೊತ್ತಿಗೆ ಹೊಲದ ಮೂಲೆಯಲ್ಲಿ ದಂಟು ಮುರಿದು ಬಿದ್ದಿದ್ದರೆ, ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಮೊದಲು ಬರುವ ಮಾತು ‘ಹಂದಿ ಬಂದಿತ್ತು’ ಎಂಬುದೇ. ಬಹಳ ಸಲ ಅದು ನಿಜವೂ ಹೌದು. ಆದರೆ ತೆನೆಗೆ ನರಿಯೂ ಬಾಯಿ ಹಾಕುತ್ತದೆ. ದಂಟಿನ ಬುಡ ಕೊರೆದು ಕೆಡವುವ ಅಭ್ಯಾಸ ಮುಳ್ಳುಹಂದಿಗಿದೆ. ಎಳೆಯ ಸಸಿಯ ಕುಡಿಯನ್ನು ಚಿಗರಿ ಮೇಯುತ್ತದೆ, ಬಿತ್ತಿದ ಕಾಳನ್ನು ನವಿಲು ಹೆಕ್ಕುತ್ತದೆ. ಬಂದವರು ಬೇರೆಯಾದರೆ ತಡೆಯುವ ದಾರಿಯೂ ಬೇರೆ. ಚಿಗರಿ ಬೇಲಿಯನ್ನು ಜಿಗಿಯಬಲ್ಲದು, ಹಂದಿ ಬೇಲಿಯ ಅಡಿಯಿಂದ ನುಗ್ಗುತ್ತದೆ, ಮುಳ್ಳುಹಂದಿ ಮಣ್ಣು ತೋಡಿ ಒಳಬರುತ್ತದೆ. ಯಾರೆಂದು ತಿಳಿಯದೆ ಹಾಕಿದ ಬೇಲಿ ದುಡ್ಡಿಗೆ ದಂಡ. ಪ್ರಾಣಿ ಹಾದಾಗ ತಾನಾಗಿಯೇ ಚಿತ್ರ ತೆಗೆಯುವ ಟ್ರೇಲ್ ಕ್ಯಾಮೆರಾದ ನಿಜವಾದ ಉಪಯೋಗ ಇಲ್ಲಿದೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ‘ನನಗೆ ಯಾವ ಪ್ರಶ್ನೆಗೆ ಉತ್ತರ ಬೇಕು’ ಎಂದು ತೀರ್ಮಾನಿಸಿಕೊಳ್ಳಬೇಕು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ ಮೆಗಾಪಿಕ್ಸೆಲ್ ಆ ತೀರ್ಮಾನಕ್ಕೆ ನೆರವಾಗುವುದು ತೀರಾ ಕಡಿಮೆ.

ಈ ಯಂತ್ರ ಕೆಲಸ ಮಾಡುವ ಬಗೆ ತಿಳಿದರೆ ಇದು ಸ್ಪಷ್ಟವಾಗುತ್ತದೆ. ಕ್ಯಾಮೆರಾದ ಮುಂಭಾಗದಲ್ಲಿರುವ ಸೆನ್ಸರ್ ಪ್ರಾಣಿಯನ್ನು ನೋಡುವುದಿಲ್ಲ. ಸುತ್ತಲಿನದಕ್ಕಿಂತ ಬೇರೆ ಶಾಖದ ಮೈಯೊಂದು ಚಲಿಸಿದ್ದನ್ನು ಗ್ರಹಿಸುತ್ತದೆ. ಗ್ರಹಿಸಿದ ಕ್ಷಣದಿಂದ ಚಿತ್ರ ತೆಗೆಯುವವರೆಗಿನ ಅಂತರಕ್ಕೆ ಟ್ರಿಗರ್ ವೇಗ ಎನ್ನುತ್ತಾರೆ. ಬದುವಿನ ಮೇಲೆ ಓಡುನಡಿಗೆಯಲ್ಲಿ ಸಾಗುವ ಹಂದಿ ಸೆಕೆಂಡಿಗೆ 3 ಮೀಟರ್ ದಾಟುತ್ತದೆ ಎಂದಿಟ್ಟುಕೊಳ್ಳೋಣ. 50 ಡಿಗ್ರಿ ನೋಟವಿರುವ ಲೆನ್ಸಿಗೆ 5 ಮೀಟರ್ ದೂರದಲ್ಲಿ ಕಾಣುವ ಅಗಲ ಸುಮಾರು 4.7 ಮೀಟರ್. ಹಂದಿ ನಡುವಿಗೆ ಬಂದಾಗ ಸೆನ್ಸರ್ ಎಚ್ಚೆತ್ತು, ಚಿತ್ರಕ್ಕೆ ಇಡೀ ಒಂದು ಸೆಕೆಂಡ್ ತೆಗೆದುಕೊಂಡರೆ ಸಿಗುವುದು ಬರೀ ಬದು. ಅದೇ 0.3 ಸೆಕೆಂಡಿನ ಕ್ಯಾಮೆರಾ ಆದರೆ ಹಂದಿ ಇನ್ನೂ ಚೌಕಟ್ಟಿನೊಳಗೇ ಇರುತ್ತದೆ. ಹಾಗಾಗಿ ಅರ್ಧ ಸೆಕೆಂಡಿಗಿಂತ ಕಡಿಮೆ ಟ್ರಿಗರ್ ವೇಗವಿರುವುದನ್ನೇ ಆರಿಸಿ. ಒಂದು ಚಿತ್ರದಿಂದ ಇನ್ನೊಂದಕ್ಕೆ ಸಿದ್ಧವಾಗಲು ಎಷ್ಟು ಹೊತ್ತು ಬೇಕೆಂಬುದನ್ನೂ ಕೇಳಿ. ಮುಂದಿನ ಹಂದಿಯ ಹಿಂದೆ ಮರಿಗಳ ಸಾಲೇ ಇರಬಹುದು. ಇನ್ನು ಮೆಗಾಪಿಕ್ಸೆಲ್ ವಿಷಯ: ಕಡಿಮೆ ಬೆಲೆಯ ಎಷ್ಟೋ ಕ್ಯಾಮೆರಾಗಳ ಒಳಗೆ ಚಿತ್ರ ಹಿಡಿಯುವ ನಿಜವಾದ ಸೆನ್ಸರ್ ಚಿಕ್ಕದು. ಅದು ತೆಗೆದ ಚಿತ್ರವನ್ನು ಸಾಫ್ಟ್‌ವೇರ್ ಹಿಗ್ಗಿಸಿ ದೊಡ್ಡ ಅಂಕಿ ತೋರಿಸುತ್ತದೆ. ಹಿಗ್ಗಿಸಿದ ಚಿತ್ರ ಮೆಮೊರಿ ಕಾರ್ಡನ್ನು ಬೇಗ ತುಂಬಿಸುತ್ತದೆಯೇ ಹೊರತು ಚಿರತೆಯ ಒಂದು ಚುಕ್ಕೆಯನ್ನೂ ಹೆಚ್ಚಿಗೆ ತೋರಿಸದು.

ರಾತ್ರಿ ಬೆಳಕು ಎರಡನೆಯ ವಿಚಾರ; ಇಲ್ಲಿ ತಾಲ್ಲೂಕಿನಿಂದ ತಾಲ್ಲೂಕಿಗೆ ಉತ್ತರ ಬದಲಾಗುತ್ತದೆ. 850 ನ್ಯಾನೋಮೀಟರಿನ ಇನ್‌ಫ್ರಾರೆಡ್ ದೀಪ ದೂರದವರೆಗೆ ಬೆಳಗುತ್ತದೆ, ಆದರೆ ಹತ್ತಿರದಿಂದ ನೋಡಿದರೆ ಮಂದವಾದ ಕೆಂಪು ಕಾಣುತ್ತದೆ. 940ರ ದೀಪ ಕಣ್ಣಿಗೆ ಕಾಣುವುದೇ ಇಲ್ಲ, ಅದರ ಬೆಳಕು ತಲುಪುವ ದೂರ ಕಡಿಮೆ. ಸವಣೂರು ಸೀಮೆಯ ಬಯಲು ಹೊಲಗಳಲ್ಲಿ ಚಿಗರಿ ದೂರದಲ್ಲೇ ಸುಳಿಯುವುದರಿಂದ ಅಲ್ಲಿಗೆ 850 ಸರಿ. ಮುಂಡಗೋಡಿಗೆ ಹೊಂದಿಕೊಂಡ ಹಾನಗಲ್ಲಿನ ಪಶ್ಚಿಮದ ಹಳ್ಳಿಗಳಲ್ಲಿ, ಮದಗ–ಮಾಸೂರು ಕೆರೆಯ ಸುತ್ತಲ ಗುಡ್ಡಗಳ ಬುಡದಲ್ಲಿ ಕಾಲುದಾರಿ ಕಿರಿದು, ಪ್ರಾಣಿ ಹಾಯುವುದು ಹತ್ತಿರದಲ್ಲೇ; ಕೆಂಪು ಚುಕ್ಕೆ ಕಂಡು ಕ್ಯಾಮೆರಾ ಕಿತ್ತೊಯ್ಯುವವರ ಭಯವೂ ಉಂಟು. ಅಲ್ಲಿಗೆ 940 ಒಳ್ಳೆಯದು. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಕೋಟೆ ನವಿಲುಗಳ ನೆಲೆ. ಅದರ ಆಸುಪಾಸಿನ ಹೊಲದವರಿಗೆ ನವಿಲಿನದೇ ಚಿಂತೆಯಾದರೆ ರಾತ್ರಿ ದೀಪಕ್ಕೆ ಹೆಚ್ಚು ದುಡ್ಡು ಸುರಿಯುವುದು ಬೇಡ. ನವಿಲು ಕತ್ತಲಾದ ಮೇಲೆ ಮರ ಬಿಟ್ಟು ಇಳಿಯುವುದಿಲ್ಲ.

ಕ್ಯಾಮೆರಾ ತಂದ ಮೇಲೆ ಕಟ್ಟುವುದರಲ್ಲೇ ಅರ್ಧ ಗೆಲುವಿದೆ. ಮೊದಲು ಹೊಲದ ಸುತ್ತ ಒಂದು ಸುತ್ತು ಹಾಕಿ, ಹೆಜ್ಜೆ, ಲದ್ದಿ, ಬೇಲಿಗೆ ಸಿಕ್ಕ ಕೂದಲು ನೋಡಿ, ಪ್ರಾಣಿ ಒಳಬರುವ ಕಿಂಡಿಯನ್ನು ಗುರುತಿಸಿ. ಅಲ್ಲಿ ಮೊಣಕಾಲೆತ್ತರದಲ್ಲಿ, ದಾರಿಗೆ ನೇರ ಅಡ್ಡವಾಗಿ ಅಲ್ಲದೆ ಓರೆಯಾಗಿ ಕಟ್ಟಿ. ಓರೆ ನೋಟದಲ್ಲಿ ಪ್ರಾಣಿ ಹೆಚ್ಚು ಹೊತ್ತು ಚೌಕಟ್ಟಿನಲ್ಲಿರುತ್ತದೆ. ಮುಖ ಉತ್ತರಕ್ಕಿದ್ದರೆ ಬೆಳಗಿನ, ಸಂಜೆಯ ಬಿಸಿಲು ಲೆನ್ಸಿಗೆ ನೇರ ಬೀಳದು. ಬಯಲಲ್ಲಿ ಮರ ಸಿಗದಿದ್ದರೆ ಗಟ್ಟಿ ಗೂಟ ನೆಡಿ. ಗೂಟ ಅಲುಗಿದರೆ ಕ್ಯಾಮೆರಾ ಸುಮ್ಮಸುಮ್ಮನೆ ಚಿತ್ರ ತೆಗೆಯುತ್ತದೆ. ಎಲ್ಲಕ್ಕಿಂತ ದೊಡ್ಡ ಶತ್ರು ಗೋವಿನಜೋಳದ ಎಲೆ. ಬಿಸಿಲಿಗೆ ಕಾದು, ಗಾಳಿಗೆ ಓಲಾಡುವ ಎಲೆಯನ್ನು ಸೆನ್ಸರ್ ಪ್ರಾಣಿಯೆಂದೇ ಎಣಿಸುತ್ತದೆ. ಲೆನ್ಸಿನ ಮುಂದಿನ ಮೂರ್ನಾಲ್ಕು ಮೀಟರ್ ಜಾಗದ ಹುಲ್ಲು, ಎಲೆ ಸವರದಿದ್ದರೆ ಒಂದೇ ಹಗಲಿನಲ್ಲಿ ಸಾವಿರ ಖಾಲಿ ಚಿತ್ರ ಸೇರಬಹುದು. ಬೇಸಿಗೆಯದು ಇದಕ್ಕೆ ತದ್ವಿರುದ್ಧ. ಏಪ್ರಿಲ್‌ನ ಮಧ್ಯಾಹ್ನ ನೆಲ ಪ್ರಾಣಿಯ ಮೈಯಷ್ಟೇ ಕಾದಾಗ ಸೆನ್ಸರಿಗೆ ವ್ಯತ್ಯಾಸ ತಿಳಿಯದೆ, ಎದುರಿಗೇ ಹಾದರೂ ಚಿತ್ರ ಬರದಿರಬಹುದು. ಆ ತಿಂಗಳಲ್ಲಿ ಸೆನ್ಸರಿನ ಸೂಕ್ಷ್ಮತೆ ಏರಿಸಿ, ಮುಂಗಾರು ಹಿಡಿದ ಮೇಲೆ ಇಳಿಸಿ. ಮಳೆಗಾಲಕ್ಕೆ ಒಳಗೊಂದು ಸಿಲಿಕಾ ಜೆಲ್ ಪೊಟ್ಟಣವಿಡಿ. ಇರುವೆ ಗೂಡು ಕಟ್ಟದಂತೆ ಮುಚ್ಚಳದ ರಬ್ಬರ್ ಅಂಚು ಸರಿಯಾಗಿ ಕೂತಿದೆಯೇ ನೋಡಿ. ಹೊಸ ಕಾರ್ಡನ್ನು ಅದೇ ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿ, ದಿನಾಂಕ–ಸಮಯ ಸರಿಪಡಿಸಿ.

ಚಿತ್ರಗಳ ರಾಶಿಯ ಬಗ್ಗೆಯೂ ಮೊದಲೇ ಮನಸ್ಸು ಸಿದ್ಧ ಮಾಡಿಕೊಳ್ಳಬೇಕು. 2018ರ ಅಖಿಲ ಭಾರತ ಹುಲಿ ಗಣತಿಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟು ತೆಗೆದದ್ದು 3.48 ಕೋಟಿಗೂ ಹೆಚ್ಚು ಚಿತ್ರ. ಅವುಗಳಲ್ಲಿ ಹುಲಿ ಇದ್ದದ್ದು 76,651ರಲ್ಲಿ, ಚಿರತೆ 51,777ರಲ್ಲಿ. ಹುಲಿಯ ಕಾಡಿನಲ್ಲೇ ಸರಾಸರಿ 450 ಚಿತ್ರಕ್ಕೆ ಒಂದು ಹುಲಿ ಎಂದಮೇಲೆ, ಹೊಲದಲ್ಲಿ ಮೊದಲ ವಾರ ದನ, ನಾಯಿ, ನಮ್ಮದೇ ಕಾಲುಗಳು ಮಾತ್ರ ಕಂಡರೆ ಕೈಚೆಲ್ಲಬಾರದು. ಕನಿಷ್ಠ 15 ದಿನ ಒಂದೇ ಜಾಗದಲ್ಲಿ ಬಿಟ್ಟು ನೋಡಿ.

‘ಹೆಜ್ಜೆ ಗುರುತು ನೋಡಿದರೆ ಗೊತ್ತಾಗುವುದಕ್ಕೆ ಇಷ್ಟು ಖರ್ಚೇಕೆ’ ಎಂಬ ಮಾತಿದೆ. ಹೆಜ್ಜೆ ಓದಬಲ್ಲ ಹಿರಿಯರ ಜ್ಞಾನ ದೊಡ್ಡದು. ಕ್ಯಾಮೆರಾ ಎಲ್ಲಿ ಕಟ್ಟಬೇಕೆಂದು ಹೇಳುವುದೂ ಅದೇ ಜ್ಞಾನ. ಆದರೆ ಒಣ ಎರೆ ನೆಲದಲ್ಲಿ ಹೆಜ್ಜೆ ಮೂಡುವುದಿಲ್ಲ, ಮಳೆಯಲ್ಲಿ ಉಳಿಯುವುದಿಲ್ಲ, ಎಷ್ಟು ಗಂಟೆಗೆ ಬಂತೆಂದು ಅದು ಹೇಳುವುದೂ ಇಲ್ಲ. ರಾತ್ರಿಯಿಡೀ ಕಾವಲು ಕೂರುವ ರೈತನಿಗೆ, ಹಂದಿ ಬರುವುದು ಎರಡರಿಂದ ನಾಲ್ಕರ ನಡುವೆ ಎಂದು ತಿಳಿದರೆ ಉಳಿದ ಹೊತ್ತು ನಿದ್ದೆಯಾದರೂ ಸಿಕ್ಕೀತು. ‘ಸಿಮ್ ಹಾಕಿದ ಕ್ಯಾಮೆರಾ ಕೊಂಡರೆ ಕೂಡಲೇ ಮೊಬೈಲಿಗೆ ಚಿತ್ರ ಬರುತ್ತದಲ್ಲ’ ಎನ್ನುವವರ ಮಾತಿನಲ್ಲಿ ಹುರುಳಿದೆ. ಊರಿನಿಂದ ದೂರದ ಹೊಲಕ್ಕೆ, ಚಿರತೆಯ ಸುಳಿವಿರುವ ಕಡೆಗೆ ಅದೇ ಮೇಲು. ಆದರೆ ಕಟ್ಟುವ ಜಾಗದಲ್ಲೇ ಮೊಬೈಲ್ ಹಿಡಿದು 4ಜಿ ಸಿಗ್ನಲ್ ನೋಡಿ, ತಿಂಗಳ ರೀಚಾರ್ಜನ್ನೂ ಬೇಗ ಖಾಲಿಯಾಗುವ ಸೆಲ್ಲುಗಳನ್ನೂ ಲೆಕ್ಕ ಹಾಕಿ. ಯಾವ ಪ್ರಾಣಿ ಎಂದಷ್ಟೇ ತಿಳಿಯಬೇಕಾದವರಿಗೆ ಕಾರ್ಡಿನ ಕ್ಯಾಮೆರಾ ಸಾಕು. ನಾಲ್ಕೈದು ಹೊಲದವರು ಸೇರಿ ಒಂದನ್ನು ಕೊಂಡು ಸರದಿಯಲ್ಲಿ ಕಟ್ಟಿಕೊಳ್ಳುವುದು ಎಲ್ಲಕ್ಕಿಂತ ಬುದ್ಧಿವಂತಿಕೆ.

ಇನ್ನೊಂದು ಗಂಭೀರ ಆಕ್ಷೇಪವೆಂದರೆ, ಪ್ರಾಣಿಯ ದಾರಿ, ವೇಳೆ ತಿಳಿದವರು ಅಲ್ಲೇ ಉರುಳು ಒಡ್ಡಬಹುದಲ್ಲವೇ ಎಂಬುದು. ಈ ಭಯ ನಿಜವಾದದ್ದು. ಆದ್ದರಿಂದ ಚಿತ್ರವನ್ನು ಜಾಗದ ಹೆಸರಿನೊಂದಿಗೆ ವಾಟ್ಸಾಪ್ ಗುಂಪುಗಳಿಗೆ ಹಾಕಲೇಬೇಡಿ. ಚಿರತೆ, ಚಿಗರಿ, ನವಿಲು ಮೂರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಬೇಲಿಗೆ ನೇರ ಕರೆಂಟ್ ಹರಿಸುವುದು ಅಪರಾಧ. ಆ ತಂತಿಗೆ ಹಂದಿಯಷ್ಟೇ ಅಲ್ಲ, ನಸುಕಿನಲ್ಲಿ ನೀರು ಹಾಯಿಸಲು ಹೋದ ಪಕ್ಕದ ಹೊಲದವರೂ ಬಲಿಯಾಗುತ್ತಾರೆ. ಕ್ಯಾಮೆರಾವನ್ನು ನಿಮ್ಮ ಹೊಲದಲ್ಲೇ ಕಟ್ಟಿ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿನೊಳಗೆ ಕಟ್ಟುವಂತಿಲ್ಲ. ಹೆಣ್ಣುಮಕ್ಕಳು ಓಡಾಡುವ ಹಾದಿ, ಹಳ್ಳದ ದಂಡೆಯತ್ತ ಅದರ ಮುಖ ತಿರುಗಿಸಬೇಡಿ.

ಬೆಳೆ ಹಾನಿಯ ಪರಿಹಾರಕ್ಕೆ ಅರಣ್ಯ ಇಲಾಖೆಯ ‘ಇ-ಪರಿಹಾರ’ ವ್ಯವಸ್ಥೆಯಿದೆ. ಸಿಬ್ಬಂದಿ ಹೊಲಕ್ಕೆ ಬಂದಾಗ ದಿನಾಂಕ, ಸಮಯವಿರುವ ಚಿತ್ರವನ್ನೂ ಹಾನಿಯಾದ ಬೆಳೆಯ ಫೋಟೋವನ್ನೂ ಜೊತೆಯಲ್ಲೇ ತೋರಿಸಿ. ಚಿತ್ರದಲ್ಲಿ ಚಿರತೆ ಅಥವಾ ಆನೆ ಕಂಡರೆ ಹುಡುಕಿಕೊಂಡು ಹೋಗಬೇಡಿ, ಜನ ಸೇರಿಸಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.