ಪೆಡಸು ರತ್ನದ ಸಾಣೆ: ಟಾಂಜನೈಟ್ ಕಲಿಸುವ ಪಾಠಗಳು

ರತ್ನೋದ್ಯಮದಲ್ಲಿ ಲಾಭ-ನಷ್ಟಗಳು ಬಹುಮಟ್ಟಿಗೆ ನಿರ್ಧಾರವಾಗುವುದು ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿಯಲ್ಲಲ್ಲ, ಸಾಣೆಚಕ್ರದ ಮುಂದೆ. ಹಲವು ಸಾವಿರ ರೂಪಾಯಿ ಬಾಳುವ ಕಚ್ಚಾ ಕಲ್ಲು ಕ್ಷಣಾರ್ಧದಲ್ಲಿ ಎರಡು ಹೋಳಾಗಬಹುದು. ಕುಶಲಕರ್ಮಿಯ ಕೈ ನಡುಗದಿದ್ದರೂ, ಯಂತ್ರದಲ್ಲಿ ದೋಷವಿಲ್ಲದಿದ್ದರೂ ಹೀಗಾಗುವುದುಂಟು. ಕಲ್ಲಿನ ಸ್ವಭಾವವನ್ನು ಮೊದಲೇ ಅರಿಯದಿರುವುದೇ ಇಂತಹ ನಷ್ಟದ ಮೂಲ. ಈ ಮಾತಿಗೆ ಟಾಂಜನೈಟ್‌ಗಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ.

ಹಿನ್ನೆಲೆ

ಟಾಂಜನೈಟ್ ಎಂಬುದು ಜೋಯಿಸೈಟ್ ಖನಿಜದ ನೀಲಿ-ನೇರಳೆ ಬಣ್ಣದ ಪ್ರಭೇದ. ಕ್ಯಾಲ್ಸಿಯಂ, ಅಲ್ಯುಮಿನಿಯಂ ಹಾಗೂ ಸಿಲಿಕಾಗಳಿಂದಾದ ಈ ಖನಿಜಕ್ಕೆ ಬಣ್ಣ ಬರುವುದು ಅತ್ಯಲ್ಪ ಪ್ರಮಾಣದ ವನೇಡಿಯಂನಿಂದ. ಉತ್ತರ ಟಾಂಜಾನಿಯಾದ ಮೆರೆಲಾನಿ ಬೆಟ್ಟಗಳಲ್ಲಿ 1967ರಲ್ಲಿ ಇದು ಬೆಳಕಿಗೆ ಬಂದಿತು. ಮರುವರ್ಷ ಅಮೆರಿಕದ ಟಿಫನಿ ಸಂಸ್ಥೆಯು ದೇಶದ ಹೆಸರನ್ನೇ ಕಲ್ಲಿಗಿಟ್ಟು ಮಾರುಕಟ್ಟೆಗೆ ತಂದಿತು. 2002ರಲ್ಲಿ ಅಮೆರಿಕದ ರತ್ನ ವರ್ತಕರ ಸಂಘವು ಇದನ್ನು ಡಿಸೆಂಬರ್ ತಿಂಗಳ ಜನ್ಮರತ್ನಗಳ ಪಟ್ಟಿಗೆ ಸೇರಿಸಿದ ಮೇಲೆ ಬೇಡಿಕೆ ಇನ್ನಷ್ಟು ವಿಸ್ತರಿಸಿತು. ವಾಣಿಜ್ಯ ಪ್ರಮಾಣದಲ್ಲಿ ಈ ಕಲ್ಲು ದೊರೆಯುವುದು ಮೆರೆಲಾನಿಯಲ್ಲಿ ಮಾತ್ರ.

ಭಾರತಕ್ಕೂ ಈ ಕಲ್ಲಿಗೂ ನಿಕಟ ನಂಟಿದೆ. 1727ರಲ್ಲಿ ಸವಾಯಿ ಜಯಸಿಂಹನು ಸ್ಥಾಪಿಸಿದ ಜೈಪುರ ನಗರವು ಬಣ್ಣದ ಹರಳುಗಳ ಸಾಣೆಗೆ ವಿಶ್ವವಿಖ್ಯಾತ. ಟಾಂಜನೈಟ್‌ನ ಬಹುದೊಡ್ಡ ಪಾಲು ಸಾಣೆಗೊಳ್ಳುವುದು ಅಲ್ಲಿಯೇ. ಬೆಂಗಳೂರು, ಮೈಸೂರು, ಮಂಗಳೂರುಗಳ ಆಭರಣ ವರ್ತಕರು ಸಿದ್ಧ ಹರಳನ್ನು ಕೊಂಡು ಅಕ್ಕಸಾಲಿಗರಿಂದ ಕಟ್ಟಿಸುವಾಗಲೂ ಇಲ್ಲಿ ವಿವರಿಸುವ ಎಚ್ಚರಿಕೆಗಳು ಅಷ್ಟೇ ಅನ್ವಯಿಸುತ್ತವೆ.

ಕಾಠಿಣ್ಯ ಬೇರೆ, ತಾಳಿಕೆ ಬೇರೆ

ಗಡಸು ಕಲ್ಲು ಒಡೆಯುವುದಿಲ್ಲ ಎಂಬುದು ವ್ಯಾಪಾರದಲ್ಲಿ ಬೇರೂರಿರುವ ತಪ್ಪು ಕಲ್ಪನೆ. ಕಾಠಿಣ್ಯವೆಂದರೆ ಗೀರು ಬೀಳದಂತೆ ತಡೆಯುವ ಶಕ್ತಿ. ಇದನ್ನು ಜರ್ಮನಿಯ ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ 1ರಿಂದ 10ರವರೆಗಿನ ಮಾಪಕದಲ್ಲಿ ಹೇಳುವುದು ವಾಡಿಕೆ. ತಾಳಿಕೆಯೆಂದರೆ ಪೆಟ್ಟು ಬಿದ್ದಾಗ ಒಡೆಯದೆ ಉಳಿಯುವ ಗುಣ. ವಜ್ರದ ಕಾಠಿಣ್ಯ 10 ಆದರೂ ಸರಿಯಾದ ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ಅದು ಸೀಳುತ್ತದೆ. ನೆಫ್ರೈಟ್ ಜೇಡ್ ಶಿಲೆಯ ಕಾಠಿಣ್ಯ 6ರಿಂದ 6.5 ಮಾತ್ರ, ಆದರೆ ತಾಳಿಕೆಯಲ್ಲಿ ಅದನ್ನು ಮೀರಿಸುವ ರತ್ನಶಿಲೆ ವಿರಳ.

ಟಾಂಜನೈಟ್ ಈ ಎರಡೂ ಲೆಕ್ಕದಲ್ಲಿ ದುರ್ಬಲ. ಇದರ ಕಾಠಿಣ್ಯ 6ರಿಂದ 7. ನೀಲಮಣಿಯದು 9. ಇದಕ್ಕಿಂತ ಮುಖ್ಯವಾಗಿ, ಟಾಂಜನೈಟ್ ಹರಳಿನೊಳಗೆ ಒಂದು ದಿಕ್ಕಿನಲ್ಲಿ ಪರಿಪೂರ್ಣ ಸೀಳುತಲವಿದೆ. ಅಂದರೆ ಆ ತಲದುದ್ದಕ್ಕೂ ಅಣುಗಳ ಬಂಧ ಸಡಿಲ. ಸೌದೆಯು ನಾರಿನ ಗುಂಟ ಸುಲಭವಾಗಿ ಸೀಳುವಂತೆ ಕಲ್ಲು ಆ ತಲದ ಗುಂಟ ಬಿರಿಯುತ್ತದೆ. ಇದರ ಜೊತೆಗೆ ಹಠಾತ್ ತಾಪ ಬದಲಾವಣೆಯನ್ನು ಈ ಕಲ್ಲು ಸಹಿಸದು. ಪೆಡಸುತನ, ಸೀಳುತಲ, ತಾಪದ ಅಸಹನೆ ಈ ಮೂರನ್ನೂ ನೆನಪಿನಲ್ಲಿಟ್ಟವನು ಅರ್ಧ ಕೆಲಸ ಕಲಿತಂತೆ.

ಮೊದಲ ತಪ್ಪು: ಕಲ್ಲನ್ನು ಓದದೆ ಚಕ್ರಕ್ಕೆ ಹಿಡಿಯುವುದು

ಹೊಸ ಕಲಿಕೆಗಾರನು ಕಚ್ಚಾ ಕಲ್ಲಿನ ಆಕಾರವನ್ನು ನೋಡಿ, ಅತಿ ಅಗಲವಾದ ಬದಿಯನ್ನೇ ಹರಳಿನ ಮೇಲ್ಮುಖವಾಗಿ ಆರಿಸಿಕೊಳ್ಳುತ್ತಾನೆ. ತೂಕ ಉಳಿಯುವುದೆಂಬ ಆಸೆ ಇದಕ್ಕೆ ಕಾರಣ. ಆದರೆ ಅಗಲವಾದ ಆ ಬದಿ ಅನೇಕ ವೇಳೆ ಸೀಳುತಲವೇ ಆಗಿರುತ್ತದೆ. ಸೀಳುತಲಕ್ಕೆ ಸಮಾನಾಂತರವಾದ ಮುಖಕ್ಕೆ ನಯ ಬರುವುದಿಲ್ಲ. ಪದರ ಪದರವಾಗಿ ಏಳುತ್ತದೆ, ಎಷ್ಟು ಉಜ್ಜಿದರೂ ಮತ್ತೆ ಮತ್ತೆ ಕಿತ್ತುಬರುತ್ತದೆ.

ಇದಕ್ಕೆ ಪರಿಹಾರವೆಂದರೆ ಕೆಲಸಕ್ಕೆ ಮುನ್ನ ದೀಪದ ಬೆಳಕಿನಲ್ಲಿ, ಹತ್ತು ಪಟ್ಟು ಹಿಗ್ಗಿಸುವ ಮಸೂರದಿಂದ ಕಲ್ಲನ್ನು ಎಲ್ಲ ಬದಿಗಳಿಂದ ಪರೀಕ್ಷಿಸುವುದು. ಒಡೆದ ಬದಿಯಲ್ಲಿ ಮೆಟ್ಟಿಲಿನಂತೆ ಒಂದೇ ದಿಕ್ಕಿಗೆ ಹೊಳೆಯುವ ಚಪ್ಪಟೆ ತುಣುಕುಗಳಿದ್ದರೆ ಅದೇ ಸೀಳುತಲದ ದಿಕ್ಕು. ಒಳಗೆ ಕಾಮನಬಿಲ್ಲಿನ ಬಣ್ಣ ಮಿನುಗುವ ಬಿರುಕಿದ್ದರೆ ಸೀಳು ಈಗಾಗಲೇ ಆರಂಭವಾಗಿದೆಯೆಂದು ತಿಳಿಯಬೇಕು. ಮೇಲ್ಮುಖವನ್ನು ಸೀಳುತಲದಿಂದ ಕನಿಷ್ಠ 5ರಿಂದ 10 ಡಿಗ್ರಿಯಷ್ಟಾದರೂ ಓರೆಯಾಗಿರಿಸುವುದು ಅನುಭವಿಗಳ ಕ್ರಮ. ಇತರ ಯಾವ ಮುಖವೂ ಆ ತಲಕ್ಕೆ ಸಮಾನಾಂತರವಾಗದಂತೆ ನೋಡಿಕೊಳ್ಳುವುದೂ ಅಗತ್ಯ.

ಬಣ್ಣದ ಪ್ರಶ್ನೆಯೂ ಇಲ್ಲಿಯೇ ಇತ್ಯರ್ಥವಾಗಬೇಕು. ಟಾಂಜನೈಟ್ ಬಹುವರ್ಣತೆಯುಳ್ಳ ಕಲ್ಲು. ಒಂದು ದಿಕ್ಕಿನಿಂದ ನೀಲಿಯಾಗಿಯೂ ಇನ್ನೊಂದು ದಿಕ್ಕಿನಿಂದ ನೇರಳೆಯಾಗಿಯೂ ಕಾಣುತ್ತದೆ. ನೀಲಿ ಮೇಲೆ ಬರುವಂತೆ ಕೂರಿಸಿದರೆ ಸಾಮಾನ್ಯವಾಗಿ ತೂಕ ಕಡಿಮೆಯಾಗುತ್ತದೆ, ನೇರಳೆಗೆ ಒಲಿದರೆ ತೂಕ ಉಳಿಯುತ್ತದೆ. ಬಣ್ಣ, ತೂಕ, ಸೀಳುತಲ ಈ ಮೂರರ ನಡುವಿನ ಹೊಂದಾಣಿಕೆಯೇ ಸಾಣೆಗಾರನ ನಿಜವಾದ ವಿದ್ಯೆ. ಚಕ್ರ ತಿರುಗುವುದು ಅದರ ನಂತರದ ಮಾತು.

ಎರಡನೆಯ ತಪ್ಪು: ಬಿಸಿ ಮತ್ತು ತಣ್ಣೀರು

ಕಲ್ಲನ್ನು ಕಡ್ಡಿಯ ತುದಿಗೆ ಅರಗಿನಿಂದ ಅಂಟಿಸುವುದು ಹಳೆಯ ಪದ್ಧತಿ. ಮಾಣಿಕ್ಯ, ನೀಲಮಣಿಗಳಿಗೆ ಇದರಿಂದ ತೊಂದರೆಯಿಲ್ಲ. ಅದೇ ಅಭ್ಯಾಸದಿಂದ ಟಾಂಜನೈಟನ್ನು ಉರಿಯ ಮೇಲೆ ಹಿಡಿದು, ಅರಗು ಗಟ್ಟಿಯಾಗಲೆಂದು ತಣ್ಣೀರಿಗೆ ಅದ್ದಿದರೆ ಕಲ್ಲು ಅಲ್ಲಿಯೇ ಬಿರಿಯಬಹುದು. ಅರಗನ್ನೇ ಬಳಸುವುದಾದರೆ ಕಲ್ಲನ್ನು ನಿಧಾನವಾಗಿ ಬೆಚ್ಚಗೆ ಮಾಡಿ, ಅಷ್ಟೇ ನಿಧಾನವಾಗಿ ಗಾಳಿಯಲ್ಲಿ ಆರಲು ಬಿಡಬೇಕು. ಬಿಸಿಯ ಅಗತ್ಯವಿಲ್ಲದ ಎಪಾಕ್ಸಿ ಮೊದಲಾದ ಅಂಟುಗಳು ಇದಕ್ಕಿಂತ ಸುರಕ್ಷಿತ.

ಚಕ್ರದ ಮೇಲೆ ನೀರು ಬತ್ತುವುದೂ ಇದೇ ಬಗೆಯ ಅಪಾಯ. ಒಣ ಚಕ್ರದ ಘರ್ಷಣೆಯಿಂದ ಕಲ್ಲು ಕಾದಿರುವಾಗ ಒಮ್ಮೆಗೇ ನೀರು ಬಿಟ್ಟರೆ ಪರಿಣಾಮ ಒಂದೇ. ಕೆಲಸದುದ್ದಕ್ಕೂ ನೀರು ಸಣ್ಣಗೆ, ಸಮನಾಗಿ ಹರಿಯುತ್ತಿರಬೇಕು. ಕಲ್ಲಿನ ಧೂಳು ಉಸಿರಿನೊಳಗೆ ಸೇರದಂತೆ ತಡೆಯುವುದಕ್ಕೂ ಇದು ಅವಶ್ಯ.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಟಾಂಜನೈಟ್‌ನ ಕಂದು ಛಾಯೆಯನ್ನು ನೀಗಿಸಿ ನೀಲಿ ತರಲು ಅದನ್ನು ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುವರಲ್ಲ, ಆಗ ಏಕೆ ಒಡೆಯುವುದಿಲ್ಲ? ಕಲ್ಲಿಗೆ ಹಾನಿ ಮಾಡುವುದು ತಾಪದ ಪ್ರಮಾಣಕ್ಕಿಂತ ಹೆಚ್ಚಾಗಿ ಅದರ ಹಠಾತ್ ಏರಿಳಿತ ಎಂಬುದೇ ಉತ್ತರ. ಕುಲುಮೆಯಲ್ಲಿ ತಾಪವನ್ನು ಹಂತಹಂತವಾಗಿ ಏರಿಸಿ ಹಂತಹಂತವಾಗಿ ಇಳಿಸಲಾಗುತ್ತದೆ. ಆಗಲೂ ಒಳಬಿರುಕುಳ್ಳ ಭಾಗವನ್ನು ಮೊದಲೇ ತೆಗೆದುಹಾಕದಿದ್ದರೆ ಕಲ್ಲು ಉಳಿಯುವ ಭರವಸೆಯಿಲ್ಲ.

ಮೂರನೆಯ ತಪ್ಪು: ಆತುರ ಮತ್ತು ಒರಟು ಚಕ್ರ

ತೂಕ ಬೇಗ ಇಳಿಸಲು ಒರಟು ಚಕ್ರವನ್ನು ಕೊನೆಯವರೆಗೂ ಬಳಸುವುದು ಮತ್ತೊಂದು ಸಾಮಾನ್ಯ ದೋಷ. ಒರಟು ವಜ್ರಕಣಗಳು ಮೇಲ್ಮೈಯನ್ನು ತರಿಯುವುದರ ಜೊತೆಗೆ ಅದರ ಕೆಳಗೆ ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳನ್ನು ಬಿಡುತ್ತವೆ. ನಯಗೊಳಿಸುವ ಹಂತದಲ್ಲಿ ಅವು ಗುಳಿಗಳಾಗಿ ತೋರುತ್ತವೆ. ಪೆಡಸು ಕಲ್ಲಿಗೆ 600ರ ಚಕ್ರದಿಂದ ರೂಪ ಕೊಟ್ಟು, 1200ರಲ್ಲಿ ಮುಖಗಳನ್ನು ಕೂಡಿಸಿ, 3000ದಲ್ಲಿ ಗೀರು ತೆಗೆದು, ಬಳಿಕ ಅಲ್ಯುಮಿನಾ ಅಥವಾ ಸೂಕ್ಷ್ಮ ವಜ್ರದ ಧೂಳಿನಿಂದ ನಯ ತರುವುದು ಒಂದು ಸುರಕ್ಷಿತ ಕ್ರಮ. ಒತ್ತಡ ಹಗುರವಾಗಿರಬೇಕು, ಚಕ್ರದ ವೇಗ ಕಡಿಮೆಯಿರಬೇಕು. ನಯಗೊಳಿಸುವಾಗ ಒಂದು ದಿಕ್ಕಿನಲ್ಲಿ ಕಿತ್ತುಬರುವ ಮುಖವು ದಿಕ್ಕು ಬದಲಿಸಿದೊಡನೆ ಶಾಂತವಾಗಿ ಹೊಳಪೇರುವುದುಂಟು.

ಕೋನಗಳಲ್ಲಿಯೂ ಆಸೆಗೆ ಮಿತಿಯಿರಬೇಕು. ಟಾಂಜನೈಟ್‌ನ ವಕ್ರೀಭವನ ಸೂಚ್ಯಂಕ ಸುಮಾರು 1.69. ಈ ಲೆಕ್ಕದಲ್ಲಿ ಕ್ರಾಂತಿಕೋನ 36 ಡಿಗ್ರಿಗಿಂತ ಸ್ವಲ್ಪ ಹೆಚ್ಚು. ತಳದ ಮುಖಗಳ ಕೋನ ಇದಕ್ಕಿಂತ ಕೆಳಗಿಳಿದರೆ ಬೆಳಕು ಹಿಂದಿರುಗದೆ ತಳದಿಂದ ಸೋರಿಹೋಗುತ್ತದೆ, ಹರಳಿನ ನಡುವೆ ಕಿಟಕಿಯಂತಹ ಪೇಲವ ಭಾಗ ಉಂಟಾಗುತ್ತದೆ. ಆದ್ದರಿಂದ 40 ಡಿಗ್ರಿಯ ಆಸುಪಾಸಿನಲ್ಲಿ ಇರಿಸುವುದು ಕ್ಷೇಮ. ನಡುಪಟ್ಟಿಯನ್ನು ಚಾಕುವಿನ ಅಲಗಿನಂತೆ ತೆಳ್ಳಗೆ ಮಾಡಿದರೆ ಹರಳು ಕಟ್ಟುವಾಗ ಚಕ್ಕೆ ಏಳುವುದು ಖಚಿತ. ಚೂಪಾದ ಮೂಲೆಗಳಿಗಿಂತ ಕತ್ತರಿಸಿದ ಮೂಲೆಗಳೂ ದುಂಡು, ಅಂಡಾಕಾರಗಳೂ ಹೆಚ್ಚು ಬಾಳಿಕೆ ಬರುತ್ತವೆ.

ತಪ್ಪಿನ ಬೆಲೆ: ಒಂದು ಲೆಕ್ಕ

ವಿಷಯ ಸ್ಪಷ್ಟವಾಗಲು ಕಾಲ್ಪನಿಕ ಅಂಕಿಗಳ ಒಂದು ಲೆಕ್ಕವನ್ನು ಗಮನಿಸಬಹುದು. 4 ಕ್ಯಾರೆಟ್ ತೂಕದ ಕಚ್ಚಾ ಕಲ್ಲಿಗೆ 12,000 ರೂ., ಸಾಣೆಯ ಕೂಲಿಗೆ 600 ರೂ. ಎಂದಿರಲಿ. ಶೇ. 30ರಷ್ಟು ತೂಕ ಉಳಿದರೆ 1.2 ಕ್ಯಾರೆಟ್ ಹರಳು ಸಿದ್ಧವಾಗುತ್ತದೆ. ಅಸಲು ಕ್ಯಾರೆಟ್ಟಿಗೆ 10,500 ರೂ.

ಮೂಲೆ ಮುರಿದು ಮರುಸಾಣೆಗೆ 300 ರೂ. ಹೆಚ್ಚು ತಗಲಿ, ತೂಕ 0.9 ಕ್ಯಾರೆಟ್ಟಿಗೆ ಇಳಿದರೆ ಅಸಲು ಸುಮಾರು 14,333 ರೂ. ಆಗುತ್ತದೆ. ಸೀಳುತಲದ ಗುಂಟ ಒಡೆದು 0.4 ಮತ್ತು 0.3 ಕ್ಯಾರೆಟ್‌ಗಳ ಎರಡು ಹರಳುಗಳಾಗಿ, ಹೆಚ್ಚುವರಿ ಕೂಲಿ 600 ರೂ. ಬಿದ್ದರೆ ಅಸಲು ಸುಮಾರು 18,857 ರೂ. ಸಣ್ಣ ಹರಳಿಗೆ ಕ್ಯಾರೆಟ್ ಲೆಕ್ಕದಲ್ಲಿ ಸಿಗುವ ದರವೂ ಕಡಿಮೆ ಎಂಬುದನ್ನು ಇದರ ಜೊತೆ ಸೇರಿಸಿಕೊಳ್ಳಬೇಕು. ಇನ್ನು ಒಂದೇ ಬೆಲೆಯ ಹತ್ತು ಕಲ್ಲುಗಳಲ್ಲಿ ಎರಡು ಪೂರ್ಣ ನಷ್ಟವಾದರೆ ಉಳಿದ ಎಂಟರ ಅಸಲು ಶೇ. 25ರಷ್ಟು ಏರುತ್ತದೆ. ಅನೇಕ ಸಣ್ಣ ಘಟಕಗಳ ಇಡೀ ಲಾಭಾಂಶವನ್ನು ನುಂಗಿಹಾಕಲು ಇಷ್ಟೇ ಸಾಕು.

ತಪ್ಪನ್ನು ಪಾಠವಾಗಿಸುವ ಬಗೆ

ಒಡೆದ ಕಲ್ಲನ್ನು ಕಸಕ್ಕೆ ಎಸೆಯುವ ಘಟಕವು ನಷ್ಟವನ್ನು ಎರಡು ಸಲ ಅನುಭವಿಸುತ್ತದೆ. ಒಮ್ಮೆ ಹಣದಲ್ಲಿ, ಮತ್ತೊಮ್ಮೆ ಅನುಭವದಲ್ಲಿ. ಒಡೆದ ಮುಖವೇ ಕಾರಣವನ್ನು ಹೇಳುತ್ತದೆ. ಅದು ಚಪ್ಪಟೆಯಾಗಿ, ಮುತ್ತಿನಂತೆ ಹೊಳೆದರೆ ಸೀಳುತಲದ ದೋಷ, ಅಂದರೆ ದಿಕ್ಕಿನ ಆಯ್ಕೆಯಲ್ಲಿ ಅಥವಾ ಪೆಟ್ಟಿನಲ್ಲಿ ತಪ್ಪಾಗಿದೆ. ಒರಟಾಗಿ, ಚಿಪ್ಪಿನಾಕಾರವಾಗಿ ಬಾಗಿದ್ದರೆ ಅದು ಸಾಮಾನ್ಯ ಮುರಿತ. ಒತ್ತಡ, ಒರಟು ಚಕ್ರ ಅಥವಾ ತಾಪದತ್ತ ಗಮನ ಹರಿಸಬೇಕು.

ಪ್ರತಿ ಘಟಕದಲ್ಲಿಯೂ ಒಂದು ದಾಖಲೆ ಪುಸ್ತಕವಿರುವುದು ಒಳಿತು. ಅದರಲ್ಲಿ ಕಲ್ಲಿನ ಕ್ರಮಸಂಖ್ಯೆ, ಆರಂಭದ ತೂಕ, ಸೀಳುತಲದ ದಿಕ್ಕಿನ ಸಣ್ಣ ರೇಖಾಚಿತ್ರ, ಬಳಸಿದ ಅಂಟು ಮತ್ತು ಚಕ್ರ, ಒಡೆದ ಹಂತ, ಉಳಿದ ತೂಕ ಇವಿಷ್ಟಿದ್ದರೆ ಸಾಕು. ಒಡೆದ ಚೂರುಗಳನ್ನು ಅದೇ ಸಂಖ್ಯೆಯ ಪೊಟ್ಟಣದಲ್ಲಿಡಬೇಕು. ಆರು ತಿಂಗಳ ದಾಖಲೆಯನ್ನು ಒಟ್ಟಿಗೆ ಓದಿದಾಗ ನಷ್ಟವು ಅಂಟಿಸುವ ಮೇಜಿನಲ್ಲಿ ಆಗುತ್ತಿದೆಯೋ ನಯಗೊಳಿಸುವ ಚಕ್ರದಲ್ಲಿ ಆಗುತ್ತಿದೆಯೋ ತಾನಾಗಿ ಗೋಚರಿಸುತ್ತದೆ. ಕಲಿಕೆಗಾರರಿಗೆ ಬೆಲೆಬಾಳುವ ಕಲ್ಲಿಗೆ ಮುನ್ನ ಅಗ್ಗದ ಫ್ಲೋರೈಟ್ ಕೊಟ್ಟು ನೋಡುವುದೂ ಉಪಯುಕ್ತ. ನಾಲ್ಕು ದಿಕ್ಕುಗಳಲ್ಲಿ ಸೀಳುವ, ಕಾಠಿಣ್ಯ 4ರ ಆ ಕಲ್ಲನ್ನು ಸಂಭಾಳಿಸಿದ ಕೈ ಟಾಂಜನೈಟ್‌ಗೆ ಸಿದ್ಧವಾಗಿರುತ್ತದೆ.

ಆದರೆ ದಾಖಲೆ ನಿಜವಾಗಿರಬೇಕಾದರೆ ತಪ್ಪು ಒಪ್ಪಿಕೊಳ್ಳುವವನಿಗೆ ಭಯವಿರಬಾರದು. ಒಡೆದ ಪ್ರತಿ ಕಲ್ಲಿನ ಬೆಲೆಯನ್ನೂ ಕೂಲಿಯಲ್ಲಿ ಕಡಿತಗೊಳಿಸುವ ಕಡೆ ಕೆಲಸಗಾರನು ಬಿರುಕನ್ನು ಮರೆಮಾಚಲು ಕಲಿಯುತ್ತಾನೆ. ಮರೆಮಾಚಿದ ಬಿರುಕು ವರ್ತಕನನ್ನು ದಾಟಿ, ಅಕ್ಕಸಾಲಿಗನನ್ನು ದಾಟಿ, ಕೊನೆಗೆ ಗ್ರಾಹಕರ ಉಂಗುರದಲ್ಲಿ ಬಾಯಿಬಿಡುತ್ತದೆ. ಆಗ ಹೋಗುವುದು ಒಂದು ಕಲ್ಲಿನ ಬೆಲೆಯಲ್ಲ, ಅಂಗಡಿಯ ಹೆಸರು. ಅಜಾಗರೂಕತೆಯಿಂದಾದ ನಷ್ಟ ಮತ್ತು ಕಲಿಕೆಯ ಹಾದಿಯಲ್ಲಾದ ನಷ್ಟ ಇವೆರಡನ್ನೂ ಬೇರೆಬೇರೆಯಾಗಿ ಕಾಣುವ ವಿವೇಕ ಮಾಲೀಕರಿಗಿರಬೇಕು.

ಆಭರಣ ವರ್ತಕರಿಗೆ

ಟಾಂಜನೈಟನ್ನು ನೀಲಮಣಿಯೆಂದು ಬಗೆದು ಕೆಲಸಕ್ಕೆ ಕೊಡುವುದೇ ಇಲ್ಲಿ ನಡೆಯುವ ದೊಡ್ಡ ತಪ್ಪು. ಹರಳಿರುವಾಗ ಆಭರಣಕ್ಕೆ ಬೆಸುಗೆಯ ಉರಿ ತಗಲಿಸಬಾರದು. ರಿಪೇರಿಗೆ ಬಂದಾಗ ಹರಳನ್ನು ಬಿಡಿಸಿಯೇ ಬೆಸುಗೆ ಹಾಕಬೇಕು. ಅಲ್ಟ್ರಾಸಾನಿಕ್ ಹಾಗೂ ಹಬೆಯ ಶುಚಿಯಂತ್ರಗಳು ಇದಕ್ಕೆ ಸಲ್ಲವು. ಉಗುರುಬೆಚ್ಚಗಿನ ಸಾಬೂನು ನೀರು, ಮೆದು ಬ್ರಷ್ಷು ಸಾಕು. ದಿನನಿತ್ಯ ಧರಿಸುವ ಉಂಗುರಕ್ಕಿಂತ ಓಲೆ, ಪದಕಗಳಿಗೆ ಈ ಹರಳು ಹೆಚ್ಚು ಸೂಕ್ತವೆಂಬುದನ್ನೂ ಕಾಯಿಸಿದ ಕಲ್ಲೆಂಬುದನ್ನೂ ಮಾರುವಾಗಲೇ ಗ್ರಾಹಕರಿಗೆ ತಿಳಿಸುವುದು ಪ್ರಾಮಾಣಿಕ ವ್ಯವಹಾರದ ಲಕ್ಷಣ.

ಪೆಡಸು ಕಲ್ಲು ಯಾರನ್ನೂ ಮೋಸಗೊಳಿಸುವುದಿಲ್ಲ. ತನ್ನ ದುರ್ಬಲ ದಿಕ್ಕನ್ನು ಅದು ಮೊದಲೇ ತೋರಿಸಿರುತ್ತದೆ. ಅದನ್ನು ನೋಡುವ ತಾಳ್ಮೆಯನ್ನು, ನೋಡದೆ ಕೆಟ್ಟಾಗ ಆ ಮಾತನ್ನು ಬರೆದಿಡುವ ಶಿಸ್ತನ್ನು ಬೆಳೆಸಿಕೊಂಡ ಘಟಕವು ಒಡೆದ ಕಲ್ಲಿನಿಂದಲೂ ಒಂದಿಷ್ಟು ಬಂಡವಾಳವನ್ನು ಉಳಿಸಿಕೊಳ್ಳಬಲ್ಲದು.