ಅಂಗಡಿ ಒಬ್ಬರದ್ದು, ಬಿಲ್ಲು ಇನ್ನೊಬ್ಬರದ್ದು

ಪ್ರಶ್ನೆ:

ನಾನು ಹಾಸನದ ದುದ್ದ ಹೋಬಳಿಯವನು. ವಯಸ್ಸು 27. ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದೆ. ಅಪ್ಪನಿಗೆ ಹುಷಾರು ತಪ್ಪಿದ ಮೇಲೆ ಊರಿಗೆ ವಾಪಸ್ ಬಂದೆ. ಜಮೀನಿನಲ್ಲಿ ಆಲೂಗಡ್ಡೆ, ಜೋಳ ಹಾಕುತ್ತೇವೆ. ಅದರಲ್ಲಿ ಸಂಸಾರ ನಡೆಯುವುದು ಕಷ್ಟ. ಮನೆಯಲ್ಲೇ ಕೂತು ಸಂಪಾದಿಸಬಹುದು ಎಂದು ಯೂಟ್ಯೂಬ್‌ನಲ್ಲಿ ನೋಡಿ, ಅಮ್ಮನ ಬಳೆ ಗಿರವಿಯಿಟ್ಟು 18,000 ರೂಪಾಯಿ ಕಟ್ಟಿ ಡ್ರಾಪ್ ಶಿಪ್ಪಿಂಗ್ ಕೋರ್ಸ್ ಮಾಡಿದೆ. ಜಿಎಸ್‌ಟಿ ನಂಬರ್ ತೆಗೆದುಕೊಂಡು ಒಂದು ದೊಡ್ಡ ಆನ್‌ಲೈನ್ ಮಾರುಕಟ್ಟೆಯಲ್ಲಿ ಅಂಗಡಿ ತೆರೆದೆ. ನನ್ನ ಹತ್ತಿರ ಒಂದು ಸಾಮಾನೂ ಇಲ್ಲ. ಬೇರೆ ಕಂಪನಿಯ ಆನ್‌ಲೈನ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಇರುವ ವಸ್ತುವಿನ ಫೋಟೊ ಹಾಕಿ, ಬೆಲೆ ಏರಿಸಿ ಇಡುತ್ತೇನೆ. ಆರ್ಡರ್ ಬಂದ ಕೂಡಲೇ ಆ ಅಂಗಡಿಯಲ್ಲಿ ನನ್ನ ಸ್ವಂತ ಅಕೌಂಟಿನಿಂದ ಕೊಂಡು, ಗ್ರಾಹಕರ ವಿಳಾಸಕ್ಕೆ ನೇರವಾಗಿ ಕಳಿಸುತ್ತೇನೆ.

ಕಳೆದ ತಿಂಗಳು ಅರಕಲಗೂಡಿನ ನಿವೃತ್ತ ಶಿಕ್ಷಕಿಯೊಬ್ಬರು 1,690 ರೂಪಾಯಿಗೆ ಎಲೆಕ್ಟ್ರಿಕ್ ಕೆಟಲ್ ತರಿಸಿದರು. ನಾನು ಕೊಂಡದ್ದು 1,249ಕ್ಕೆ. ಮಾರುಕಟ್ಟೆಯ ಶುಲ್ಕ 240 ಹೋಗಿ ನನಗೆ ಉಳಿದದ್ದು 201. ಡಬ್ಬದ ಮೇಲೆ ಆ ಇನ್ನೊಂದು ಕಂಪನಿಯ ಟೇಪು, ಒಳಗೆ ಅವರ ಬಿಲ್ಲು. ಆ ಮೇಡಂ ಫೋನ್ ಮಾಡಿದರು. ಬೈಯಲಿಲ್ಲ. "ಏನಪ್ಪಾ, ಇದು ನಿನ್ನ ಅಂಗಡಿಯಿಂದಲೇ ಬಂತಾ?" ಎಂದಷ್ಟೇ ಕೇಳಿದರು. ನಾನು "ಹೌದು ಮೇಡಂ, ಗೋಡೌನ್ ಬೇರೆ" ಎಂದು ಸುಳ್ಳು ಹೇಳಿದೆ. ಅವತ್ತಿನಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ. ಎಲ್ಲರೂ ಮಾಡುವ ವ್ಯಾಪಾರ ಇದು, ಕಡಿಮೆ ಬೆಲೆಗೆ ಕೊಂಡು ಜಾಸ್ತಿಗೆ ಮಾರುವುದೇ ವ್ಯಾಪಾರವಲ್ಲವಾ ಎಂದು ಕೋರ್ಸಿನವರು ಹೇಳುತ್ತಾರೆ. ನಾನು ಮಾಡುತ್ತಿರುವುದು ತಪ್ಪೇ?

ಉತ್ತರ:

ಕೋರ್ಸಿನವರು ಹೇಳಿದ ಮಾತಿನಲ್ಲಿ ಅರ್ಧ ನಿಜವಿದೆ. ಮೊದಲು ಅದನ್ನೇ ನೋಡೋಣ. ಇಲ್ಲದಿದ್ದರೆ ನೀವು ಮಾಡದ ತಪ್ಪಿಗೂ ಕೊರಗುತ್ತೀರಿ.

ಕೈಯಲ್ಲಿಲ್ಲದ ಸರಕನ್ನು ಮಾರುವುದು ಅಪರಾಧವಲ್ಲ. 1930ರ ಸರಕು ಮಾರಾಟ ಕಾಯ್ದೆಯ 6ನೇ ಕಲಮೇ ಇದಕ್ಕೆ ಒಪ್ಪಿಗೆ ಕೊಡುತ್ತದೆ. ಮಾರುವವನು ಮುಂದೆ ಸಂಪಾದಿಸಿ ಕೊಡಬೇಕಾದ ಸರಕಿನ ಬಗ್ಗೆಯೂ ಕರಾರು ಮಾಡಿಕೊಳ್ಳಬಹುದು. ಸರಕು ಒಂದು ಕಡೆಯಿಂದ ನೇರವಾಗಿ ಗ್ರಾಹಕರ ಮನೆಗೆ ಹೋಗಿ, ಬಿಲ್ಲು ಮಾತ್ರ ಇಬ್ಬರ ಕೈ ದಾಟುವ ವ್ಯವಹಾರಕ್ಕೆ ಜಿಎಸ್‌ಟಿ ಕಾನೂನಿನಲ್ಲೂ ಜಾಗವಿದೆ. ಲಾಭ ಇಟ್ಟುಕೊಳ್ಳುವುದಂತೂ ತಪ್ಪೇ ಅಲ್ಲ. ಲಾಭವಿಲ್ಲದೆ ಯಾವ ಅಂಗಡಿಯ ಬಾಗಿಲು ತೆರೆಯುತ್ತದೆ?

ಹಾಗಾದರೆ ನಿಮ್ಮ ನಿದ್ದೆ ಕೆಡಿಸಿದ್ದು ಏನು? ಹೊಳೆನರಸೀಪುರದಲ್ಲಿ ನಮ್ಮ ತಂದೆಯವರದ್ದು ಒಂದು ಸಣ್ಣ ದಿನಸಿ ಅಂಗಡಿ ಇತ್ತು. ಸೂರಿನಿಂದ ದಾರದ ಉಂಡೆ ಇಳಿಬಿದ್ದಿರುತ್ತಿತ್ತು. ಹಳೇ ಪತ್ರಿಕೆಯಲ್ಲಿ ಪೊಟ್ಟಣ ಕಟ್ಟಿ ಆ ದಾರ ಸುತ್ತಿ ಕೊಡುತ್ತಿದ್ದರು. ಯಾರಾದರೂ ನಮ್ಮಲ್ಲಿಲ್ಲದ್ದನ್ನು ಕೇಳಿದರೆ ನನ್ನನ್ನು ಹಿಂದಿನ ಓಣಿಯಿಂದ ಪಕ್ಕದ ಅಂಗಡಿಗೆ ಓಡಿಸುತ್ತಿದ್ದರು. ಒಂದು ಸಂಜೆ ಹಳ್ಳಿಯಿಂದ ಬಂದವರೊಬ್ಬರು ಟಾರ್ಚಿಗೆ ಎರಡು ಸೆಲ್ ಕೇಳಿದರು. ನಮ್ಮಲ್ಲಿ ಮುಗಿದಿತ್ತು. ನಾನು ಓಡಿಹೋಗಿ ತಂದೆ. ಅಪ್ಪ ಅದನ್ನು ಕೊಟ್ಟು, "ಪಕ್ಕದವರ ಹತ್ರ ತರಿಸಿದ್ದು ಕಣ್ರಪ್ಪಾ" ಎಂದರು. ಎರಡು ದಿನ ಬಿಟ್ಟು ಅದೇ ಮನುಷ್ಯ ಬಂದು, ಒಂದು ಸೆಲ್ ಉರಿಯುತ್ತಿಲ್ಲ ಎಂದ. ಪಕ್ಕದ ಅಂಗಡಿಯಲ್ಲಿ ಹೋಗಿ ಕೇಳಿ ಎನ್ನಬಹುದಿತ್ತು. ಅಪ್ಪ ಗಲ್ಲಾಪೆಟ್ಟಿಗೆ ತೆಗೆದು ದುಡ್ಡು ಎಣಿಸಿ ಕೊಟ್ಟರು. ನಾನು ಯಾಕೆ ಎಂದು ಕೇಳಿದ್ದಕ್ಕೆ, "ಕೊಟ್ಟ ಕೈ ನಂದು" ಎಂದರು.

ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಆ ಮಾತು. ಅಪ್ಪ ಮಾಡಿದ್ದೂ ಪ್ರತಿಸ್ಪರ್ಧಿಯ ಅಂಗಡಿಯಿಂದ ತಂದು ಮಾರಿದ್ದೇ. ಆದರೆ ಎಲ್ಲಿಂದ ತಂದದ್ದೆಂದು ಹೇಳಿದ್ದರು, ಪಕ್ಕದವರಿಗೂ ಅದು ಗೊತ್ತಿತ್ತು, ಕೆಟ್ಟರೆ ಹೊರೆ ತಾವೇ ಹೊತ್ತರು. ನಿಮ್ಮ ವ್ಯಾಪಾರದಲ್ಲಿ ಈ ಮೂರೂ ಇಲ್ಲ. 201 ರೂಪಾಯಿ ನಿಮಗೆ, ಹೊಣೆ ಬೇರೆಯವರಿಗೆ.

ಆ ಕೆಟಲ್ ಆರು ತಿಂಗಳಿಗೆ ಕೆಟ್ಟಿತು ಎಂದುಕೊಳ್ಳಿ. ಆ ಮೇಡಂ ಬಿಲ್ಲು ಹಿಡಿದು ಸರ್ವಿಸ್ ಸೆಂಟರಿಗೆ ಹೋಗುತ್ತಾರೆ. ಬಿಲ್ಲಿನಲ್ಲಿ ಕೊಂಡವರು ನೀವು. ಅವರು ದುಡ್ಡು ಕೊಟ್ಟದ್ದು ಒಂದು ಕಡೆ, ಬಿಲ್ಲು ಬಂದದ್ದು ಇನ್ನೊಂದು ಕಡೆಯಿಂದ, ಮೊತ್ತ ತಾಳೆಯಾಗುವುದಿಲ್ಲ. ಬದಲಾಯಿಸಿ ಕೊಡಿ ಎಂದು ಮಾರುಕಟ್ಟೆಯವರನ್ನು ಕೇಳಿದರೆ ಅವರು ನಿಮ್ಮ ಕಡೆ ಕೈ ತೋರಿಸುತ್ತಾರೆ. ನೀವು ಆ ಇನ್ನೊಂದು ಕಂಪನಿಯ ರಿಟರ್ನ್ ಅವಧಿ ಮುಗಿಯಿತು ಎನ್ನುತ್ತೀರಿ. ಅರವತ್ತು ದಾಟಿದ ಹೆಣ್ಣುಮಗಳು ಯಾರ ಬಾಗಿಲು ತಟ್ಟಬೇಕು? ಮತ್ತೊಂದು ವಿಷಯ. ಅವರ ಹೆಸರು, ಮನೆ ವಿಳಾಸ, ಫೋನ್ ನಂಬರನ್ನು ನೀವು ಅವರನ್ನು ಕೇಳದೆ ಅವರು ಕೇಳರಿಯದ ಕಂಪನಿಯೊಂದರ ಪುಸ್ತಕಕ್ಕೆ ಸೇರಿಸಿದ್ದೀರಿ. ಅದು ನಿಮ್ಮ ಸರಕಲ್ಲ, ಅವರ ಸ್ವತ್ತು.

ಇನ್ನು ಆ ಎರಡನೇ ಕಂಪನಿ. ಅವರಿಗೆ ಒಂದು ಮಾರಾಟ ಜಾಸ್ತಿಯಾಯಿತಲ್ಲ, ನಷ್ಟವೇನು ಎಂದು ಕೋರ್ಸಿನಲ್ಲಿ ಹೇಳಿರುತ್ತಾರೆ. ಮನೆಬಳಕೆಗೆಂದು ಕೊಡುವ ರಿಯಾಯಿತಿ, ಉಚಿತ ಸಾಗಣೆಯ ಸದಸ್ಯತ್ವ, ಒಬ್ಬರಿಗೆ ಒಂದೇ ಎಂಬ ಕೊಡುಗೆಗಳನ್ನು ನೀವು ವ್ಯಾಪಾರಕ್ಕೆ ಬಳಸುತ್ತಿದ್ದೀರಿ. ನಿಮ್ಮ ಗ್ರಾಹಕರು ವಾಪಸ್ ಮಾಡಿದಾಗ ಎರಡೂ ಕಡೆಯ ಲಾರಿ ಬಾಡಿಗೆ ಆ ಕಂಪನಿಯ ತಲೆಗೆ. ದೊಡ್ಡ ಕಂಪನಿಯಲ್ಲವಾ, ತಡೆದುಕೊಳ್ಳಲಿ ಎನ್ನುವುದು ನ್ಯಾಯದ ಮಾತಲ್ಲ.

ಈ ವಿಷಯದಲ್ಲಿ ಮಾರುಕಟ್ಟೆಗಳ ನಿಯಮ ಸ್ಪಷ್ಟವಾಗಿದೆ. ಬೇರೆ ಆನ್‌ಲೈನ್ ಅಂಗಡಿಯಿಂದ ಕೊಂಡು, ಆ ಅಂಗಡಿಯಿಂದಲೇ ನೇರವಾಗಿ ಗ್ರಾಹಕರಿಗೆ ಕಳಿಸುವುದನ್ನು ಅಮೆಜಾನ್ ನಿಷೇಧಿಸಿದೆ. ಡಬ್ಬದ ಮೇಲೆ, ಬಿಲ್ಲಿನ ಮೇಲೆ ಮಾರಾಟಗಾರನ ಹೆಸರಲ್ಲದೆ ಬೇರೆ ಹೆಸರು ಇರಬಾರದು, ವಾಪಸ್ ಬಂದದ್ದನ್ನು ಮಾರಾಟಗಾರನೇ ತೆಗೆದುಕೊಳ್ಳಬೇಕು ಎನ್ನುವುದೂ ಅದರ ಷರತ್ತು. ಇಬೇ ಕೂಡ ಸಗಟು ವ್ಯಾಪಾರಿಯಿಂದ ನೇರವಾಗಿ ಕಳಿಸಲು ಒಪ್ಪುತ್ತದೆ, ಇನ್ನೊಂದು ಚಿಲ್ಲರೆ ಅಂಗಡಿಯಿಂದ ಕಳಿಸಲು ಒಪ್ಪುವುದಿಲ್ಲ. ನೀವು ಸೆಲ್ಲರ್ ಅಕೌಂಟ್ ತೆರೆಯುವಾಗ ಒಪ್ಪಿಗೆಯ ಗುಂಡಿ ಒತ್ತಿದ ಷರತ್ತುಗಳನ್ನು ಇವತ್ತು ಕೂತು ಪೂರ್ತಿ ಓದಿ. ಮಾರುಕಟ್ಟೆಯವರು ಅಕೌಂಟ್ ಮುಚ್ಚಿದರೆ ಅದರಲ್ಲಿರುವ ನಿಮ್ಮ ದುಡ್ಡೂ ಸಿಕ್ಕಿಬೀಳಬಹುದು.

ಕಾನೂನಿನ ಹೊಣೆಯೂ ನಿಮ್ಮದೇ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಕೆಳಗೆ 2020ರ ಜುಲೈನಲ್ಲಿ ಇ-ಕಾಮರ್ಸ್ ನಿಯಮಗಳು ಬಂದವು. ಅವು ದೊಡ್ಡ ಕಂಪನಿಗಳಿಗಷ್ಟೇ ಅಲ್ಲ, ಅಲ್ಲಿ ಅಂಗಡಿ ಇಟ್ಟ ನಿಮ್ಮಂಥವರಿಗೂ ಅನ್ವಯಿಸುತ್ತವೆ. ದೋಷವಿರುವ ಅಥವಾ ಹೇಳಿದಂತಿಲ್ಲದ ವಸ್ತುವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ದೂರು ಬಂದ 48 ಗಂಟೆಯೊಳಗೆ ಸಿಕ್ಕಿತೆಂದು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆ ಮೇಡಂ 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಎತ್ತಿಕೊಳ್ಳುತ್ತದೆ. ತಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಅವರು ದೂರು ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬರುತ್ತೇನೆ. ನೀವು ಬಿ.ಕಾಂ. ಓದಿದವರು, ಪೆನ್ಸಿಲ್ ತೆಗೆದುಕೊಳ್ಳಿ. ಎಲೆಕ್ಟ್ರಿಕ್ ಕೆಟಲ್‌ಗೆ ಜಿಎಸ್‌ಟಿ ಶೇ 18. ನೀವು 1,690ಕ್ಕೆ ಮಾರಿದಾಗ ಅದರೊಳಗೆ ಸುಮಾರು 258 ರೂಪಾಯಿ ತೆರಿಗೆ ಇದೆ. ಅದು ನೀವು ಸರ್ಕಾರಕ್ಕೆ ಕಟ್ಟಬೇಕಾದ ದುಡ್ಡು. ಕೊಂಡಾಗ ಕೊಟ್ಟ ತೆರಿಗೆಯನ್ನು ಅದರಲ್ಲಿ ಕಳೆಯಬಹುದಿತ್ತು. ಆದರೆ ನೀವು ಕೊಂಡದ್ದು ಸ್ವಂತ ಅಕೌಂಟಿನಿಂದ. ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಇಲ್ಲ, ಹಾಗಾಗಿ ಕಳೆಯುವಂತಿಲ್ಲ. ಮಾರುಕಟ್ಟೆಯ ಶುಲ್ಕದಲ್ಲಿ ಸೇರಿದ 37 ರೂಪಾಯಿ ತೆರಿಗೆ ನಿಮಗೆ ಸಿಕ್ಕಿತು ಎಂದಿಟ್ಟುಕೊಂಡರೂ 221 ಕಟ್ಟಬೇಕು. ನಿಮ್ಮ ಕೈಗೆ ಬಂದದ್ದು 201. ಅಂದರೆ ಆ ಕೆಟಲ್‌ನಲ್ಲಿ ನೀವು 20 ರೂಪಾಯಿ ಕಳೆದುಕೊಂಡಿದ್ದೀರಿ. ಲಾಭವೆಂದು ನೀವು ಅಂದುಕೊಂಡದ್ದು ಸರ್ಕಾರದ ದುಡ್ಡು. ಅಮ್ಮನ ಬಳೆ ಗಿರವಿಯಿಟ್ಟು ತಂದ 18,000 ಇಸಿದುಕೊಂಡ ಕೋರ್ಸಿನವರು ಈ ಒಂದು ಲೆಕ್ಕವನ್ನು ನಿಮಗೆ ಹೇಳಿಕೊಡಲಿಲ್ಲ. ಇದು ನನಗೆ ಬಹಳ ಸಂಕಟ ತಂದ ವಿಷಯ. ಇಲ್ಲಿಯವರೆಗಿನ ಎಲ್ಲ ಮಾರಾಟದ ಪಟ್ಟಿ ತೆಗೆದುಕೊಂಡು ಹಾಸನದಲ್ಲಿ ಒಬ್ಬ ತೆರಿಗೆ ಸಲಹೆಗಾರರ ಹತ್ತಿರ ಹೋಗಿ. ಬಾಕಿಯಿದ್ದರೆ ನೀವೇ ಮುಂದಾಗಿ ಕಟ್ಟಿಬಿಡಿ. ತಡವಾದಷ್ಟೂ ಬಡ್ಡಿ ಬೆಳೆಯುತ್ತದೆ, ನೋಟಿಸ್ ಬಂದ ಮೇಲೆ ದಂಡವೂ ಸೇರಬಹುದು.

ಎಲ್ಲರೂ ಮಾಡುತ್ತಾರೆ ಎಂದು ಕೋರ್ಸಿನವರು ಹೇಳುವುದಾಗಿ ಬರೆದಿದ್ದೀರಿ. ಬೆಂಗಳೂರಿನಲ್ಲಿ 2015ರಲ್ಲಿ ಶುರುವಾದ ಮೀಶೋ ನಿಮಗೆ ಗೊತ್ತಿರುತ್ತದೆ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಸೀರೆ, ಕುರ್ತಾಗಳ ಫೋಟೊಗಳನ್ನು ವಾಟ್ಸ್ಆ್ಯಪ್‌ನಲ್ಲಿ ನೆಂಟರಿಗೆ, ಅಕ್ಕಪಕ್ಕದವರಿಗೆ ಕಳಿಸಿ, ತಮ್ಮ ಲಾಭ ಸೇರಿಸಿ ಮಾರಿದರು. ಅವರ ಕೈಯಲ್ಲೂ ಸರಕು ಇರಲಿಲ್ಲ. ಆದರೆ ಅಲ್ಲಿ ಸರಕು ಕೊಡುವವನಿಗೆ ಗೊತ್ತಿದ್ದೇ ಆ ವ್ಯವಸ್ಥೆ ಕಟ್ಟಿದ್ದು. ಲಾಭ ಎಷ್ಟು ಸೇರಿಸಬೇಕೆಂದು ಆ್ಯಪ್ಪೇ ಕೇಳುತ್ತಿತ್ತು. ಕೊಂಡವಳಿಗೆ ಮಾರಿದವಳ ಮನೆ ಗೊತ್ತು. ಬಣ್ಣ ಬಿಟ್ಟರೆ ಸೀರೆ ಹಿಡಿದು ಅವಳ ಬಾಗಿಲಿಗೇ ಬರುತ್ತಾಳೆ. ನಿಮ್ಮ ದಾರಿ ಅದನ್ನು ಹೋಲುತ್ತದೆ, ಆದರೆ ಅದಲ್ಲ.

ನೀವೇ ಆಲೂಗಡ್ಡೆ ಬೆಳೆಯುತ್ತೀರಿ, ಲಾಭಕ್ಕೂ ಹೊಣೆಗೂ ಇರುವ ನಂಟನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಜಿಲ್ಲೆಗೆ ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ. ಹಾಸನದ ಎಪಿಎಂಸಿಯಲ್ಲಿ ಮೂಟೆ ಬಿಚ್ಚಿ, ಒಂದು ಗಡ್ಡೆ ಕೊಯ್ದು ನೋಡಿ, ಎಲ್ಲಿಯ ಮಾಲು, ಯಾರ ಮಾಲು ಎಂದು ಕೇಳದೆ ನಿಮ್ಮ ಅಪ್ಪ ಕೊಂಡದ್ದುಂಟೇ? ವ್ಯಾಪಾರಿಯ ಲಾಭದ ಬಗ್ಗೆ ಅವರಿಗೆ ತಕರಾರಿಲ್ಲ. ಅಷ್ಟು ದೂರದಿಂದ ಲಾರಿಯಲ್ಲಿ ತರಿಸಿ, ಕೊಳೆತದ್ದರ ನಷ್ಟ ಹೊತ್ತು ಕೂತಿದ್ದಾನೆ, ದುಡಿಯಲಿ ಎನ್ನುತ್ತಾರೆ. ಆದರೆ ಊಟದ ಗಡ್ಡೆಯನ್ನು ಬಿತ್ತನೆಯದ್ದೆಂದು ಕೊಟ್ಟು, ಮೊಳಕೆ ಬರದಿದ್ದಾಗ ನಾನು ತಂದದ್ದಲ್ಲ ಎಂದು ಜಾರಿಕೊಂಡವನ ಅಂಗಡಿ ಮುಂದೆ ಅವರು ಮತ್ತೆ ನಿಲ್ಲುವುದಿಲ್ಲ. ಲಾಭಕ್ಕೆ ಯೋಗ್ಯತೆ ಬರುವುದು ಹೊತ್ತ ಹೊರೆಯಿಂದ. ನೀವು ಹೊರೆ ಹೊರದೆ ಲಾಭ ತೆಗೆದುಕೊಂಡಿರಿ, ಮೇಲೊಂದು ಸುಳ್ಳನ್ನೂ ಹೇಳಿದಿರಿ. ನೀವು ಕೇಳಿದ್ದಕ್ಕೆ ನೇರ ಉತ್ತರ: ಹೌದು, ತಪ್ಪು. ಆದರೆ ತಿದ್ದಿಕೊಳ್ಳಲಾಗದ ತಪ್ಪಲ್ಲ, ಮತ್ತು ನೀವು ಕೆಟ್ಟವರೂ ಅಲ್ಲ. ಕೆಟ್ಟವರಾಗಿದ್ದರೆ ಆ ಫೋನಿನ ನಂತರ ನಿದ್ದೆ ಚೆನ್ನಾಗಿಯೇ ಬರುತ್ತಿತ್ತು.

ಅಂಗಡಿಯಲ್ಲಿ ಹಾಕಿರುವ ಫೋಟೊಗಳನ್ನೆಲ್ಲ ಇವತ್ತೇ ತೆಗೆದುಹಾಕಿ. ಈಗಾಗಲೇ ಬಂದಿರುವ ಆರ್ಡರ್‌ಗಳಲ್ಲಿ ಹಾಸನದ ಅಂಗಡಿಗಳಲ್ಲಿ ಸಿಗುವುದನ್ನು ಜಿಎಸ್‌ಟಿ ಬಿಲ್ಲಿನ ಮೇಲೆ ಕೊಂಡು, ಬಿಚ್ಚಿ ನೋಡಿ, ನಿಮ್ಮ ಹೆಸರಿನ ಡಬ್ಬದಲ್ಲಿ, ನಿಮ್ಮ ಬಿಲ್ಲಿನೊಂದಿಗೆ ಕಳಿಸಿ. ಕೈಯಿಂದ ಸ್ವಲ್ಪ ಹೋದರೂ ಹೋಗಲಿ. ಸಿಗದಿದ್ದರೆ ಇಲ್ಲ ಎಂದು ಹೇಳಿ ದುಡ್ಡು ವಾಪಸ್ ಮಾಡಿ.

ಆಮೇಲೆ ವ್ಯಾಪಾರ ಬಿಡಬೇಕೆಂದು ನಾನು ಹೇಳುವುದಿಲ್ಲ. ಆನ್‌ಲೈನ್ ಅಂಗಡಿ ನಡೆಸುವುದನ್ನು ಕಲಿತಿದ್ದೀರಿ, ಆ ವಿದ್ಯೆ ವ್ಯರ್ಥವಲ್ಲ. ಒಬ್ಬ ಸಗಟು ವ್ಯಾಪಾರಿಯನ್ನೋ ತಯಾರಕರನ್ನೋ ಹಿಡಿದು, ನಿಮ್ಮ ಹೆಸರಿನ ಡಬ್ಬದಲ್ಲಿ ನಿಮ್ಮ ಪರವಾಗಿ ಕಳಿಸಲು ಬರಹದಲ್ಲಿ ಒಪ್ಪಂದ ಮಾಡಿಕೊಂಡರೆ ಅದೇ ಡ್ರಾಪ್ ಶಿಪ್ಪಿಂಗ್ ಸಾಚಾ ವ್ಯಾಪಾರವಾಗುತ್ತದೆ. ನನ್ನನ್ನು ಕೇಳಿದರೆ ಇನ್ನೂ ಚಿಕ್ಕದಾಗಿ ಶುರು ಮಾಡಿ. ಮನೆಯ ಒಂದು ಕೋಣೆ, ಹತ್ತು ಸಾಮಾನು, ನೀವೇ ಮುಟ್ಟಿ ನೋಡಿದವು. ಚನ್ನರಾಯಪಟ್ಟಣದ ಕಡೆಯ ತೆಂಗಿನಕಾಯಿ, ಸಕಲೇಶಪುರದ ಕಾಫಿ, ಮೆಣಸು ನಿಮಗೆ ಬೇರೆಯವರಿಗಿಂತ ಹತ್ತಿರ. ಬೆಂಗಳೂರಿನ ಫ್ಲ್ಯಾಟಿನಲ್ಲಿರುವವರು ಅದಕ್ಕೆ ದುಡ್ಡು ಕೊಡುತ್ತಾರೆ. ತಿನ್ನುವ ಪದಾರ್ಥ ಮಾರುವುದಾದರೆ ಎಫ್ಎಸ್ಎಸ್ಎಐ ನೋಂದಣಿ ಮೊದಲೇ ಮಾಡಿಸಿ. ಪ್ಯಾಕೆಟ್ಟಿನ ಮೇಲೆ ಮುದ್ರಿಸಿದ ಎಂಆರ್‌ಪಿಗಿಂತ ಒಂದು ರೂಪಾಯಿಯನ್ನೂ ಜಾಸ್ತಿ ಇಸಿದುಕೊಳ್ಳುವಂತಿಲ್ಲ, ಇದು ಆನ್‌ಲೈನ್‌ನಲ್ಲೂ ಅಷ್ಟೇ.

ಅಮ್ಮನಿಗೂ ವಿಷಯ ಹೇಳಿ. ಬಳೆ ಬಿಡಿಸಲು ತಡವಾಗುತ್ತದೆ ಎಂದು ಕೇಳಿದರೆ ಅವರಿಗೆ ನೋವಾಗಬಹುದು. ಆದರೆ ಯಾವ ದುಡ್ಡಿನಿಂದ ಬಿಡಿಸಿದ್ದು ಎಂದು ಮುಂದೆ ಗೊತ್ತಾದಾಗ ಆಗುವ ನೋವು ಅದಕ್ಕಿಂತ ದೊಡ್ಡದು.

ಎಲ್ಲಕ್ಕಿಂತ ಮೊದಲು ಅರಕಲಗೂಡಿನ ಆ ಮೇಡಂಗೆ ಫೋನ್ ಮಾಡಿ. "ಅವತ್ತು ಸುಳ್ಳು ಹೇಳಿದೆ ಮೇಡಂ, ನನಗೆ ಗೋಡೌನ್ ಇಲ್ಲ" ಎಂದು ಶುರು ಮಾಡಿ. ಕೆಟಲ್ ಬೇಡವೆಂದರೆ ಪೂರ್ತಿ 1,690 ಕೊಟ್ಟು ನೀವೇ ಹೋಗಿ ತೆಗೆದುಕೊಂಡು ಬನ್ನಿ. ಇಟ್ಟುಕೊಳ್ಳುತ್ತೇನೆ ಎಂದರೆ ಹೆಚ್ಚಿಗೆ ಪಡೆದ 441 ರೂಪಾಯಿ ವಾಪಸ್ ಕೊಡಿ, ನಿಮ್ಮ ಹೆಸರು, ಫೋನ್ ನಂಬರ್ ಬರೆದ ಚೀಟಿಯನ್ನೂ ಕೊಡಿ. ಅದು ಕೆಟ್ಟರೆ ಯಾರನ್ನು ಕೇಳಬೇಕೆಂದು ಅವರಿಗೆ ಇವತ್ತಿನವರೆಗೂ ಗೊತ್ತಿಲ್ಲ.