ವಾಹನದ ಆಂಪ್ಲಿಫೈಯರ್‌ಗೆ ವಿದ್ಯುತ್ ತಂತಿ: ಗಾತ್ರದ ಆಯ್ಕೆ ಮತ್ತು ವರ್ತಕನ ಹೊಣೆ

ಕುಮಟಾ ತಾಲ್ಲೂಕಿನ ಹೊಳನಗದ್ದೆಯಂತಹ ಕರಾವಳಿಯ ಊರುಗಳಲ್ಲಿ ಯಕ್ಷಗಾನ ಬಯಲಾಟದ ಪ್ರಚಾರಕ್ಕೆ ಧ್ವನಿವರ್ಧಕ ಕಟ್ಟಿದ ವಾಹನವು ಚಿರಪರಿಚಿತ. ಸ್ವಂತ ಕಾರುಗಳಿಗೆ ಹೆಚ್ಚಿನ ಶಕ್ತಿಯ ಆಂಪ್ಲಿಫೈಯರ್ ಜೋಡಿಸುವವರೂ ಉಂಟು. ಗ್ರಾಹಕರು ಆಂಪ್ಲಿಫೈಯರ್‌ನ ವ್ಯಾಟ್‌ಗಳನ್ನು ವಿಚಾರಿಸುತ್ತಾರೆಯೇ ಹೊರತು, ಬ್ಯಾಟರಿಯಿಂದ ಅದಕ್ಕೆ ಹೋಗುವ ತಂತಿಯನ್ನು ವಿಚಾರಿಸುವುದು ವಿರಳ. ತಂತಿ ಕಾದು ಹೊತ್ತಿಕೊಂಡರೆ ಮಾತ್ರ ಮೊದಲ ಪ್ರಶ್ನೆ ಅಂಗಡಿಯವನಿಗೇ ಬರುತ್ತದೆ.

ಲೆಕ್ಕದ ವಿಧಾನ

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ಗರಿಷ್ಠ ವ್ಯಾಟ್ ಅನ್ನು ಬಿಟ್ಟು ಆರ್‌ಎಂಎಸ್ ವ್ಯಾಟ್ ಅನ್ನೇ ಆಧಾರವಾಗಿಟ್ಟುಕೊಳ್ಳತಕ್ಕದ್ದು. ಉದಾಹರಣೆಗೆ, 500 ವ್ಯಾಟ್‌ನ ಎಬಿ ವರ್ಗದ ಆಂಪ್ಲಿಫೈಯರ್‌ನ ದಕ್ಷತೆ ಶೇ. 60 ಎಂದು ಹಿಡಿದರೆ, ಅದು ಬ್ಯಾಟರಿಯಿಂದ ಎಳೆಯುವುದು ಸುಮಾರು 833 ವ್ಯಾಟ್. ಇದನ್ನು 13.8 ವೋಲ್ಟ್‌ನಿಂದ ಭಾಗಿಸಿದರೆ ಪೂರ್ಣ ಭಾರದಲ್ಲಿ 60 ಆಂಪಿಯರ್ ದೊರೆಯುತ್ತದೆ. ದಕ್ಷತೆ ಶೇ. 80 ಇರುವ ಡಿ ವರ್ಗದ ಯಂತ್ರಕ್ಕಾದರೆ 45 ಆಂಪಿಯರ್ ಸಾಕು.

ಮುಂಭಾಗದ ಬ್ಯಾಟರಿಯಿಂದ ಡಿಕ್ಕಿಯವರೆಗೆ 5 ಮೀಟರ್ ತಾಮ್ರದ ತಂತಿ ಎಳೆದರೆ, 60 ಆಂಪಿಯರ್‌ನಲ್ಲಿ ಆಗುವ ನಷ್ಟ ಸುಮಾರಾಗಿ ಹೀಗಿರುತ್ತದೆ:

6 ಚದರ ಮಿ.ಮೀ. – 0.88 ವೋಲ್ಟ್, 52 ವ್ಯಾಟ್
10 ಚದರ ಮಿ.ಮೀ. – 0.53 ವೋಲ್ಟ್, 32 ವ್ಯಾಟ್
16 ಚದರ ಮಿ.ಮೀ. – 0.33 ವೋಲ್ಟ್, 20 ವ್ಯಾಟ್

ನಷ್ಟವು ಅರ್ಧ ವೋಲ್ಟ್ ಮೀರಬಾರದೆಂಬ ನಿಯಮವನ್ನಿಟ್ಟುಕೊಂಡರೆ ಇಲ್ಲಿ 16 ಚದರ ಮಿ.ಮೀ. ಯೋಗ್ಯ. ಉಳಿದ ತಂತಿಗಳಲ್ಲಿ ಕಳೆಯುವ ವ್ಯಾಟ್‌ಗಳು ಶಾಖವಾಗಿ ನೆಲಹಾಸಿನ ಅಡಿಯಲ್ಲೇ ಉಳಿಯುತ್ತವೆ. ಬಾಡಿಗೆ ಜೋಡಿಸುವ ಅರ್ಥ್ ತಂತಿಯೂ ಅದೇ ಗಾತ್ರದ್ದಾಗಿರಬೇಕು. ಅದು ಗಿಡ್ಡವಿದ್ದಷ್ಟೂ, ಬಣ್ಣ ಕೆರೆದ ಲೋಹದ ಮೇಲೆ ಬಿಗಿಯಾಗಿ ಕುಳಿತಷ್ಟೂ ಒಳಿತು.

ಖರೀದಿಯಲ್ಲಿ ಎಚ್ಚರ

ಮೊದಲನೆಯದಾಗಿ, 'ಗೇಜ್' ಎಂಬ ಮಾತನ್ನಷ್ಟೇ ನಂಬಿ ಸರಕು ತರಿಸಬಾರದು. ಅಮೆರಿಕನ್ ಅಳತೆಯ 8 ಗೇಜ್ ಸುಮಾರು 8.4 ಚದರ ಮಿ.ಮೀ.; ಬ್ರಿಟಿಷ್ ಅಳತೆಯ 8 ಗೇಜ್ ಸುಮಾರು 13 ಚದರ ಮಿ.ಮೀ. ಆದ್ದರಿಂದ ಆದೇಶದಲ್ಲಿಯೂ ಬಿಲ್ಲಿನಲ್ಲಿಯೂ ಚದರ ಮಿ.ಮೀ. ನಮೂದಿಸುವುದು ಉತ್ತಮ.

ಎರಡನೆಯದಾಗಿ, ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿ ಅಗ್ಗ. ಆದರೆ ಅದರ ರೋಧ ಶುದ್ಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. 16ರ ಬದಲು 25 ಚದರ ಮಿ.ಮೀ. ಬಳಸಬೇಕಾಗುತ್ತದೆ. ಎಳೆಯನ್ನು ಚಾಕುವಿನಿಂದ ಕೆರೆದಾಗ ಒಳಗೆ ಬಿಳಿ ಕಂಡರೆ ಅದು ಅಲ್ಯೂಮಿನಿಯಂ. ಮೇಲೆ ಬಿಳಿಯಾಗಿದ್ದು ಒಳಗೆ ಕೆಂಪಾಗಿದ್ದರೆ ಅದು ತವರ ಲೇಪಿತ ತಾಮ್ರ. ಉಪ್ಪುಗಾಳಿ ಹಾಗೂ ದೀರ್ಘ ಮಳೆಗಾಲದ ಕಡಲಂಚಿನಲ್ಲಿ ಬರಿಯ ತಾಮ್ರ ಬೇಗ ಕಿಲುಬು ಹಿಡಿಯುವುದರಿಂದ, ಬೆಲೆ ತುಸು ಹೆಚ್ಚಾದರೂ ಈ ತಂತಿಯೇ ಹಿತ.

ಫ್ಯೂಸ್

ಫ್ಯೂಸ್ ರಕ್ಷಿಸುವುದು ಆಂಪ್ಲಿಫೈಯರನ್ನಲ್ಲ, ತಂತಿಯನ್ನು. ಆದುದರಿಂದ ಅದು ಬ್ಯಾಟರಿಯಿಂದ ಸುಮಾರು 45 ಸೆಂ.ಮೀ. ಒಳಗೇ ಇರಬೇಕು, ಅದರ ಆಂಪಿಯರ್ ತಂತಿಯ ಸಾಮರ್ಥ್ಯವನ್ನು ಮೀರಕೂಡದು. ತಗಡಿನ ರಂಧ್ರದ ಮೂಲಕ ತಂತಿ ಹಾಯುವಲ್ಲಿ ರಬ್ಬರ್ ಬಳೆ ತಪ್ಪದೆ ಹಾಕಬೇಕು.

ವರ್ತಕನ ಲಾಭ-ನಷ್ಟ

ತಂತಿಯಲ್ಲಿ ಉಳಿಸಿದ ಕೆಲವು ನೂರು ರೂಪಾಯಿ ಲಾಭದಂತೆ ಕಂಡರೂ ಅದು ಲೆಕ್ಕಕ್ಕೆ ಬಾರದ ಸಾಲ. ಗ್ರಾಹಕ ಸಂರಕ್ಷಣಾ ಕಾಯಿದೆ, 2019ರಲ್ಲಿ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವೇ ಇದ್ದು, ತಯಾರಕನೊಡನೆ ಮಾರಾಟಗಾರನೂ ಸೇವೆ ನೀಡಿದವನೂ ಸಂದರ್ಭಾನುಸಾರ ಹೊಣೆಗಾರರಾಗಬಹುದು. ವಾಹನ ಸುಟ್ಟರೆ ವಿಮಾ ಕಂಪನಿಯು ಹೊರಗಿನ ಜೋಡಣೆಯನ್ನು ಪ್ರಶ್ನಿಸುವ ಸಾಧ್ಯತೆಯೂ ಇದೆ. ಅಂತಹ ವೇಳೆ ತಂತಿಯ ಲೋಹ, ಗಾತ್ರ, ಉದ್ದ ಮತ್ತು ಫ್ಯೂಸಿನ ಆಂಪಿಯರ್ ಬರೆದಿರುವ ಬಿಲ್ಲೇ ವರ್ತಕನಿಗೆ ಆಧಾರ.

ಒಟ್ಟಿನಲ್ಲಿ, ಗ್ರಾಹಕನು ಕೇಳಿದ ತಂತಿಯನ್ನು ಕೊಡುವ ಮೊದಲು ಆಂಪಿಯರ್ ಮತ್ತು ಉದ್ದವನ್ನು ಕೇಳಿ ಎರಡು ನಿಮಿಷ ಲೆಕ್ಕ ಹಾಕುವುದು ವ್ಯಾಪಾರಕ್ಕೂ ಕ್ಷೇಮ, ವಾಹನದಲ್ಲಿ ಕುಳಿತವರಿಗೂ ಕ್ಷೇಮ.